ಕಳ್ಳ ಮತ್ತೆ ಬರುವುದು ಯಾವಾಗ?

ಮನೆಗೆ ಕಳ್ಳ ನುಗ್ಗಿ ಹೋದ ಮೇಲೆ ಮನೆಯವರು ತಮಗೆ ತಾವೇ ಒಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಹೋಗಿದ್ದು ಹೋಯ್ತು, ಇನ್ನು ಈ ಕಡೆ ತಲೆ ಹಾಕಲ್ಲ ಬಿಡು ಅಂತ. ದೋಚಿದ ಮನೆಯಲ್ಲಿ ಇನ್ನೇನು ಸಿಗುತ್ತದೆ ಅನ್ನುವುದು ನಮ್ಮ ಲೆಕ್ಕ. ಕಳ್ಳನ ಲೆಕ್ಕ ಬೇರೆ.

ಕೆನಡಾದ ಸಸ್ಕಟೂನ್ ನಗರದ ಪೊಲೀಸ್ ದಾಖಲೆಗಳನ್ನು ಹಿಡಿದು ಸಂಶೋಧಕರು ಇದನ್ನು ಎಣಿಸಿ ನೋಡಿದರು. ಅವರ ವರದಿ ಬಂದದ್ದು 1990ರ ಹೊತ್ತಿಗೆ. ಒಮ್ಮೆ ಕಳವಾದ ಮನೆಗೆ ತಿಂಗಳೊಳಗೆ ಮತ್ತೆ ಕಳ್ಳ ನುಗ್ಗುವುದು, ಸುಮ್ನೆ ಕಾಕತಾಳೀಯವಾಗಿ ಆಗಬಹುದಾದದ್ದಕ್ಕಿಂತ 12 ಪಟ್ಟು ಜಾಸ್ತಿ ಇತ್ತು. ಹಾಗೆ ತಿಂಗಳೊಳಗೆ ನಡೆದ ಎರಡನೇ ಕಳವುಗಳಲ್ಲಿ ಅರ್ಧ ಮೊದಲ ಏಳೇ ದಿನದಲ್ಲಿ ನಡೆದಿದ್ದವು. ಆರು ತಿಂಗಳು ಕಳೆಯುವ ಹೊತ್ತಿಗೆ ಆ 12 ಪಟ್ಟು ಎರಡು ಪಟ್ಟಿಗಿಂತಲೂ ಕೆಳಗೆ ಇಳಿದಿತ್ತು.

ಇದನ್ನು ಗ್ರಾಫ್‌ ಮಾಡಿದರೆ ಮಕ್ಕಳ ಜಾರುಬಂಡೆಯ ಹಾಗೆ ಕಾಣುತ್ತದೆ. ಮೇಲಿಂದ ಸರ್ರನೆ ಇಳಿದು, ಕೊನೆಗೆ ನೆಲಕ್ಕೆ ಸಮನಾಗಿ ಹೋಗುವ ಗೆರೆ. ಪದೇ ಪದೇ ಅಪರಾಧ ಮಾಡುವವರ ಬಗ್ಗೆ ಓದುತ್ತಾ ಹೋದಂತೆ ಈ ಜಾರುಬಂಡೆ ಮತ್ತೆ ಮತ್ತೆ ಎದುರಾಗುತ್ತದೆ. ದಿನಗಳ ಲೆಕ್ಕದಲ್ಲೂ, ತಿಂಗಳ ಲೆಕ್ಕದಲ್ಲೂ, ಇಡೀ ಆಯಸ್ಸಿನ ಲೆಕ್ಕದಲ್ಲೂ. ಹಾಗಾಗಿ 'ಅವನು ಎಂಥವನು?' ಅನ್ನುವ ಪ್ರಶ್ನೆಯ ಪಕ್ಕದಲ್ಲಿ 'ಎಷ್ಟು ದಿನವಾಯಿತು?' ಅನ್ನುವ ಪ್ರಶ್ನೆಯನ್ನೂ ಇಡಬೇಕಾಗುತ್ತದೆ. ಎಷ್ಟೋ ಸಲ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಳ್ಳ ಅದೇ ಮನೆಗೆ ಯಾಕೆ ಬರುತ್ತಾನೆ? ಕಳ್ಳರನ್ನೇ ಕೇಳಿದಾಗ ಸಿಕ್ಕ ಉತ್ತರಗಳು ತುಂಬಾ ಸಾದಾ. ಒಳಗೆ ಹೋಗುವ ದಾರಿ ಗೊತ್ತು. ಯಾವ ಕೋಣೆಯಲ್ಲಿ ಏನಿದೆ ಗೊತ್ತು. ಮನೆಯವರು ಎಷ್ಟು ಹೊತ್ತಿಗೆ ಹೊರಡುತ್ತಾರೆ ಅಂತಲೂ ಗೊತ್ತು. ಮೊದಲ ಸಲ ಹೊತ್ತುಕೊಂಡು ಹೋಗಲಾಗದ್ದು ಇನ್ನೂ ಅಲ್ಲೇ ಇದೆ. ಮುರಿದ ಚಿಲಕವನ್ನು ಬಹುಶಃ ಇನ್ನೂ ಸರಿ ಮಾಡಿಸಿಲ್ಲ. ಕೆಲವರು ಸ್ವಲ್ಪ ತಡೆದು ಬರುತ್ತಾರೆ, ಯಾಕೆಂದರೆ ಹೋದ ಸಾಮಾನಿನ ಜಾಗಕ್ಕೆ ಅಷ್ಟರಲ್ಲಿ ಹೊಸದು ಬಂದಿರುತ್ತದೆ. ಹೊಸ ಮನೆ ಹುಡುಕಿ, ಹೊಂಚು ಹಾಕಿ, ಎದೆ ಹೊಡೆದುಕೊಳ್ಳುತ್ತಾ ಒಳಗೆ ಕಾಲಿಡುವುದಕ್ಕಿಂತ ಇದು ಸಲೀಸು, ಅಲ್ವಾ?

ಈ ತಿಳಿವಳಿಕೆ ಕೆಲಸಕ್ಕೆ ಬಂದ ಮೊದಲ ದೊಡ್ಡ ಉದಾಹರಣೆ ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕರ್ಕ್‌ಹೋಲ್ಟ್ ಬಡಾವಣೆ. 1980ರ ದಶಕದ ನಡುವಿನಲ್ಲಿ ಅಲ್ಲಿ ಮನೆಗಳ್ಳತನ ವಿಪರೀತ ಇತ್ತು. ಅಪರಾಧಗಳ ಬಗ್ಗೆ ಸಂಶೋಧನೆ ಮಾಡುವ ಕೆನ್ ಪೀಸ್ ಮತ್ತು ಅವರ ಜೊತೆಗಾರರು ಇಡೀ ಬಡಾವಣೆಗೆ ಕಾವಲು ಹಾಕಲು ಹೋಗಲಿಲ್ಲ. ಆಗಷ್ಟೇ ಕಳವಾದ ಮನೆಗಳ ಮೇಲೆ ಮಾತ್ರ ಗಮನ ಇಟ್ಟರು. ಬೀಗ, ಚಿಲಕ ಗಟ್ಟಿ ಮಾಡಿಸಿದರು. ಅಕ್ಕಪಕ್ಕದ ಐದಾರು ಮನೆಯವರಿಗೆ ಆ ಮನೆಯ ಮೇಲೊಂದು ಕಣ್ಣಿಡಿ ಅಂದರು. ಇನ್ನೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಆ ಮನೆಗಳಲ್ಲಿ ಗ್ಯಾಸಿಗೆ, ಕರೆಂಟಿಗೆ ನಾಣ್ಯ ಹಾಕುವ ಮೀಟರುಗಳಿದ್ದವು. ಅಂದರೆ ಮನೆಯೊಳಗೇ ಒಂದು ಹುಂಡಿ. ಒಮ್ಮೆ ಒಡೆದರೆ ಸಾಕು, ಅದು ಮತ್ತೆ ತುಂಬುತ್ತದೆ. ಆ ಮೀಟರುಗಳನ್ನು ತೆಗೆಸಿದರು. ಐದು ತಿಂಗಳೊಳಗೆ ಬಡಾವಣೆಯ ಕಳವು ಹಿಂದಿನ ಮಟ್ಟದ ಶೇ. 40ಕ್ಕೆ ಇಳಿಯಿತು.

ಎರಡನೇ ಕಳವು ಅದೇ ಮನೆಯಲ್ಲೇ ಆಗಬೇಕೆಂದೇನೂ ಇಲ್ಲ. ಪಕ್ಕದ ಮನೆಯಲ್ಲಿ ಆಗಬಹುದು, ಎದುರಿನ ಸಾಲಿನಲ್ಲಿ ಆಗಬಹುದು. ಇದನ್ನು ಸಾಬೀತು ಮಾಡಲು ಬಳಸಿದ ಲೆಕ್ಕ ಬಂದದ್ದು ವೈದ್ಯಕೀಯದಿಂದ. 1964ರಲ್ಲಿ ಜಾರ್ಜ್ ನಾಕ್ಸ್ ಎಂಬ ಸಂಶೋಧಕರು, ಮಕ್ಕಳ ರಕ್ತದ ಕ್ಯಾನ್ಸರ್ ಅಂಟುರೋಗದಂತೆ ಹತ್ತಿರ ಹತ್ತಿರದಲ್ಲಿ, ಒಂದೇ ಸಮಯದಲ್ಲಿ ಕಾಣಿಸಿಕೊಳ್ಳುತ್ತದೆಯೇ ಅಂತ ನೋಡಲು ಒಂದು ವಿಧಾನ ಕಟ್ಟಿದ್ದರು. ಈಗ ಬಳಸುವ ರೂಪದಲ್ಲಿ ಆ ವಿಧಾನ ಸರಳ. ಎಲ್ಲ ಪ್ರಕರಣಗಳನ್ನೂ ಎರಡೆರಡಾಗಿ ಜೋಡಿ ಮಾಡಿ. ಪ್ರತಿ ಜೋಡಿಯ ನಡುವೆ ಎಷ್ಟು ದೂರ, ಎಷ್ಟು ದಿನ ಅಂತ ಅಳೆಯಿರಿ. ಎರಡರಲ್ಲೂ ಹತ್ತಿರ ಇರುವ ಜೋಡಿಗಳು ಎಷ್ಟು ಅಂತ ಎಣಿಸಿ. ಆಮೇಲೆ ತಾರೀಖುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿ, ಮತ್ತೆ ಎಣಿಸಿ. ಕಲೆಸಿದಾಗ ಸಿಗುವುದಕ್ಕಿಂತ ನಿಜದ ಎಣಿಕೆ ಬಹಳ ಹೆಚ್ಚಿದ್ದರೆ, ಒಂದು ಘಟನೆ ಇನ್ನೊಂದಕ್ಕೆ ಅಂಟಿಕೊಂಡಿದೆ ಅಂತ ಅರ್ಥ.

2000ರ ದಶಕದಲ್ಲಿ ಇದನ್ನು ಮನೆಗಳ್ಳತನಕ್ಕೆ ಹಚ್ಚಿ ನೋಡಿದರು. ಶೇನ್ ಜಾನ್ಸನ್ ಮತ್ತು ಅವರ ಸಂಗಡಿಗರು ಐದು ದೇಶಗಳ ಹತ್ತು ಪ್ರದೇಶಗಳ ದಾಖಲೆ ತೆಗೆದುಕೊಂಡು 2007ರಲ್ಲಿ ಫಲಿತಾಂಶ ಕೊಟ್ಟರು. ಎಲ್ಲ ಕಡೆಯೂ ಒಂದೇ ಕಥೆ. ಒಂದು ಮನೆ ಕಳವಾದ ಮೇಲೆ ಕನಿಷ್ಠ ಎರಡು ವಾರ, ಸುತ್ತಲಿನ 200 ಮೀಟರಿನೊಳಗಿನ ಮನೆಗಳಿಗೆ ಅಪಾಯ ಏರುತ್ತದೆ. ಹುಲ್ಲುಗಾವಲಿನ ದನ ಒಂದು ಕಡೆ ಒಳ್ಳೆ ಹುಲ್ಲು ಸಿಕ್ಕರೆ ಅಲ್ಲೇ ಸ್ವಲ್ಪ ಹೊತ್ತು ಮೇಯ್ದು, ತೆಳುವಾದ ಮೇಲೆ ಮುಂದೆ ಹೋಗುತ್ತದಲ್ಲ, ಅಂಥದ್ದೇ ನಡೆ. ಪ್ರಾಣಿಗಳ ಮೇವಿನ ಲೆಕ್ಕಾಚಾರಕ್ಕೆ ಜೀವಶಾಸ್ತ್ರದವರು ಕಟ್ಟಿದ ಸಿದ್ಧಾಂತವನ್ನು ಇವರು ಕಳ್ಳರಿಗೂ ಅನ್ವಯಿಸಿದರು.

ಗಣಿತದವರಿಗೆ ಇದು ಇನ್ನೊಂದು ಹಳೆಯ ಸಂಗತಿಯನ್ನು ನೆನಪಿಸಿತು. ದೊಡ್ಡ ಭೂಕಂಪದ ನಂತರ ಸಣ್ಣ ಸಣ್ಣ ಮರುಕಂಪನಗಳು ಬರುತ್ತವೆ. ಮೊದಲು ಪದೇ ಪದೇ, ಆಮೇಲೆ ಅಪರೂಪಕ್ಕೆ. ಜಾರ್ಜ್ ಮೋಲರ್, ಜೆಫ್ರಿ ಬ್ರಾಂಟಿಂಗ್‌ಹ್ಯಾಮ್ ಮತ್ತಿತರರು ಅದೇ ಸೂತ್ರವನ್ನು ಕಳವಿಗೆ ಹೊಂದಿಸಿ 2011ರಲ್ಲಿ ಪ್ರಕಟಿಸಿದರು. ಅದರಿಂದ ಪ್ರೆಡ್‌ಪೋಲ್ ಎಂಬ ಸಾಫ್ಟ್‌ವೇರ್ ಹುಟ್ಟಿತು. ನಕ್ಷೆಯ ಮೇಲೆ ಸುಮಾರು 150 ಮೀಟರ್ ಅಗಲದ ಚೌಕಗಳನ್ನು ತೋರಿಸಿ, ಇವತ್ತು ಇಲ್ಲಿ ಗಸ್ತು ತಿರುಗಿ ಅಂತ ಪೊಲೀಸರಿಗೆ ಹೇಳುವುದು ಅದರ ಕೆಲಸವಾಗಿತ್ತು.

ಮುಂದೆ ಏನಾಯಿತು ಅನ್ನುವುದು ಸ್ವಲ್ಪ ಕಹಿ. ಲಾಸ್ ಏಂಜಲೀಸ್ ಪೊಲೀಸರು 2020ರಲ್ಲಿ ಅದನ್ನು ಕೈಬಿಟ್ಟರು. ಮೊದಮೊದಲು ಅದನ್ನು ಬಳಸಿದ ಊರುಗಳಲ್ಲಿ ಒಂದಾದ ಸಾಂಟಾ ಕ್ರೂಜ್ ಅದೇ ವರ್ಷ ಇಂಥ ಭವಿಷ್ಯ ಹೇಳುವ ಪೊಲೀಸುಗಾರಿಕೆಯನ್ನೇ ನಿಷೇಧಿಸಿತು. ನನಗೆ ಕಾಣುವ ಮಟ್ಟಿಗೆ ಜಾರುಬಂಡೆಯ ಗಣಿತದಲ್ಲಿ ತಪ್ಪಿರಲಿಲ್ಲ, ಅದಕ್ಕೆ ಉಣಿಸಿದ ಮಾಹಿತಿಯಲ್ಲಿ ತೊಂದರೆ ಇತ್ತು. ಮನೆ ಕಳವಾದರೆ ಮನೆಯವರೇ ದೂರು ಕೊಡುತ್ತಾರೆ, ಆದ್ದರಿಂದ ಆ ದಾಖಲೆ ಹೆಚ್ಚುಕಮ್ಮಿ ನಂಬಬಹುದು. ಡ್ರಗ್ಸ್ ಕೇಸು ಹಾಗಲ್ಲ. ಪೊಲೀಸರು ಎಲ್ಲಿ ಹುಡುಕುತ್ತಾರೋ ಅಲ್ಲೇ ಸಿಗುತ್ತದೆ. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಕೊಟ್ಟರೆ ಅದು ಮತ್ತೆ ಅಲ್ಲಿಗೇ ಹೋಗಿ ಅನ್ನುತ್ತದೆ. ಓಕ್ಲೆಂಡ್ ನಗರದ ದಾಖಲೆಗಳ ಮೇಲೆ 2016ರಲ್ಲಿ ಮಾಡಿದ ಒಂದು ಲೆಕ್ಕ ಈ ಸುತ್ತು ಹೇಗೆ ಬಿಗಿಯಾಗುತ್ತಾ ಹೋಗುತ್ತದೆ ಅಂತ ತೋರಿಸಿತು.

ಇನ್ನು ದಿನದೊಳಗಿನ ಗಂಟೆಗಳ ವಿಷಯ. ಕಳ್ಳರೆಲ್ಲ ಅಮಾವಾಸ್ಯೆಯ ಕತ್ತಲಲ್ಲಿ ಬರುತ್ತಾರೆ ಅನ್ನುವುದು ಕಥೆಗಳ ಮಾತು. ಹಗಲು ಹೊತ್ತಿನಲ್ಲಿ, ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ ನಡೆಯುವ ಮನೆಗಳ್ಳತನ ಬೇಕಾದಷ್ಟಿದೆ. ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ 1979ರಲ್ಲಿ ಹೇಳಿದ್ದೂ ಇದನ್ನೇ. ಮನಸ್ಸು ಮಾಡಿದವನು, ಕೈಗೆಟಕುವ ವಸ್ತು, ನೋಡಿಕೊಳ್ಳುವವರು ಇಲ್ಲದ ಗಳಿಗೆ, ಈ ಮೂರೂ ಒಂದೆಡೆ ಸೇರಿದರೆ ಅಪರಾಧ ನಡೆಯುತ್ತದೆ. ಹಾಗಾಗಿ ಅಪರಾಧಿಯ ಗಡಿಯಾರ ಬಹಳ ಮಟ್ಟಿಗೆ ಉಳಿದವರ ಗಡಿಯಾರದ ನೆರಳು. ಅಮೆರಿಕದಲ್ಲಿ ಹದಿಹರೆಯದವರ ಹೊಡೆದಾಟ, ಹಲ್ಲೆಗಳು ಶಾಲೆ ಇರುವ ದಿನಗಳಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ, ಅಂದರೆ ಶಾಲೆ ಬಿಟ್ಟ ತಕ್ಷಣ ಏರುತ್ತವೆ. ಸರ್ಕಾರದ ನೆರವಿನ ಹಣ ತಿಂಗಳ ಮೊದಲಲ್ಲೇ ಕೈಸೇರುವ ಅಲ್ಲಿನ ನಗರಗಳಲ್ಲಿ, ದುಡ್ಡಿಗಾಗಿ ಮಾಡುವ ಅಪರಾಧಗಳು ತಿಂಗಳ ಕೊನೆಗೆ ಬರುತ್ತಾ ಹೆಚ್ಚಾಗುವುದೂ ಕಂಡಿದೆ.

ಇಲ್ಲೊಂದು ತಮಾಷೆಯ ತೊಡಕಿದೆ. ಕಳವು ಎಷ್ಟು ಹೊತ್ತಿಗೆ ಆಯಿತು ಅಂತ ಮನೆಯವರಿಗೇ ಗೊತ್ತಿರುವುದಿಲ್ಲ! ಬೆಳಿಗ್ಗೆ 8ಕ್ಕೆ ಬೀಗ ಹಾಕಿ ಹೋದವರು ಸಂಜೆ 6ಕ್ಕೆ ಬಂದು ನೋಡುತ್ತಾರೆ. ದಾಖಲೆಯಲ್ಲಿ ಸಂಜೆ 6 ಅಂತ ಬರೆದರೆ ಕಳ್ಳರೆಲ್ಲ ಸಂಜೆಯೇ ಬರುತ್ತಾರೆ ಅನ್ನುವಂತಾಗುತ್ತದೆ. ಅದಕ್ಕೆ ಜೆರ‍್ರಿ ರ‍್ಯಾಟ್‌ಕ್ಲಿಫ್ ಎಂಬ ಪೊಲೀಸ್ ಹಿನ್ನೆಲೆಯ ಸಂಶೋಧಕರು ಬೆಳೆಸಿದ ಉಪಾಯ ಹೀಗೆ. ಆ ಒಂದು ಕಳವನ್ನು ಹತ್ತು ಗಂಟೆಗಳಿಗೂ ಹತ್ತನೇ ಒಂದರಂತೆ ಹಂಚಿಬಿಡಿ. ಒಂದೇ ಕೇಸಿನಿಂದ ಏನೂ ತಿಳಿಯುವುದಿಲ್ಲ. ಸಾವಿರ ಕೇಸು ಹಾಗೆ ಹಂಚಿದಾಗ ಯಾವ ಗಂಟೆ ದಪ್ಪಗಾಗುತ್ತದೆ ಅಂತ ಕಾಣತೊಡಗುತ್ತದೆ.

ಈಗ ದಿನಗಳಿಂದ ತಿಂಗಳುಗಳಿಗೆ ಬರೋಣ. ಜೈಲಿನಿಂದ ಹೊರಬಂದವರು ಮತ್ತೆ ಸಿಕ್ಕಿಬೀಳುವುದು ಯಾವಾಗ? ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದ ಸುಮಾರು 4 ಲಕ್ಷ ಜನರನ್ನು ಅಲ್ಲಿನ ನ್ಯಾಯ ಇಲಾಖೆ ಒಂಬತ್ತು ವರ್ಷ ಹಿಂಬಾಲಿಸಿತು. ನೂರರಲ್ಲಿ 44 ಮಂದಿ ಮೊದಲ ವರ್ಷದಲ್ಲೇ ಮತ್ತೆ ಬಂಧನಕ್ಕೊಳಗಾದರು. ಮೂರು ವರ್ಷದ ಹೊತ್ತಿಗೆ ಆ ಸಂಖ್ಯೆ 68, ಆರು ವರ್ಷಕ್ಕೆ 79, ಒಂಬತ್ತು ವರ್ಷಕ್ಕೆ 83.

ಈ ಅಂಕಿಗಳನ್ನು ಪತ್ರಿಕೆಗಳು ಬರೆಯುವಾಗ ಕೊನೆಯ 83ನ್ನು ಹಿಡಿದು 'ಜೈಲಿಗೆ ಹೋದವರು ಸುಧಾರಿಸುವುದೇ ಇಲ್ಲ' ಅಂದುಬಿಡುವುದು ಸುಲಭ. ನೋಡಬೇಕಾದದ್ದು ನಡುವಿನ ಹೆಜ್ಜೆಗಳನ್ನು. ಮೊದಲ ವರ್ಷ ಒಂದರಲ್ಲೇ 44 ಮಂದಿ. ಏಳು, ಎಂಟು, ಒಂಬತ್ತನೇ ವರ್ಷ ಮೂರೂ ಸೇರಿ ಹೊಸದಾಗಿ ಸಿಕ್ಕಿದ್ದು ನಾಲ್ಕೇ ಮಂದಿ. ಮತ್ತೆ ಅದೇ ಜಾರುಬಂಡೆ. ಇದು ಬಂಧನದ ಲೆಕ್ಕ, ಅಪರಾಧದ ಲೆಕ್ಕ ಅಲ್ಲ ಅನ್ನುವುದೂ ನೆನಪಿರಲಿ. ಮಾಡಿಯೂ ಸಿಗದವರಿದ್ದಾರೆ, ಮಾಡದೆಯೂ ಸಿಕ್ಕವರಿದ್ದಾರೆ.

ಹೊರಬಂದ ಮೊದಲ ದಿನಗಳು ಅಷ್ಟು ಕಡಿದಾಗಿರುವುದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಕೈಯಲ್ಲಿ ದುಡ್ಡಿಲ್ಲ, ಮಲಗಲು ಜಾಗವಿಲ್ಲ, ಕರೆಯುವವರು ಹಳೆಯ ಸ್ನೇಹಿತರೇ. ಆ ದಿನಗಳು ಅವರ ಜೀವಕ್ಕೂ ಅಪಾಯ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಬಂದ ಅಧ್ಯಯನದ ಪ್ರಕಾರ, ಮೊದಲ ಎರಡು ವಾರದಲ್ಲಿ ಅವರು ಸಾಯುವ ಅಪಾಯ ಉಳಿದ ಜನರಿಗಿಂತ ಹನ್ನೆರಡು ಪಟ್ಟಿಗೂ ಜಾಸ್ತಿ. ಬಹುಪಾಲು ಡ್ರಗ್ಸ್ ಅತಿಯಾಗಿ ತೆಗೆದುಕೊಂಡು. ಒಳಗಿದ್ದಾಗ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ, ಹೊರಬಂದು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾರೆ.

ಹೀಗಿರುವಾಗ ಯಾವ ವಾರ ಬಿಡುತ್ತೀರಿ ಅನ್ನುವುದೂ ಮುಖ್ಯವಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಿಡುಗಡೆಗಳು ಶುಕ್ರವಾರಕ್ಕೆ ಗುಂಪುಗೂಡುತ್ತಿದ್ದವು. ಶುಕ್ರವಾರ ಮಧ್ಯಾಹ್ನ ಗೇಟಿನಿಂದ ಹೊರಬಿದ್ದವನು ವಸತಿ ಕಚೇರಿ, ಔಷಧಿ ಕೇಂದ್ರ, ಕೆಲಸದ ಕಚೇರಿ ಎಲ್ಲವನ್ನೂ ಮುಚ್ಚುವ ಮುಂಚೆ ಮುಟ್ಟಬೇಕು. ಆಗದಿದ್ದರೆ ಸೋಮವಾರದ ತನಕ ಬೀದಿ. 2023ರಲ್ಲಿ ಅಲ್ಲಿ ಒಂದು ಕಾಯ್ದೆ ತಂದು, ಇಂಥವರನ್ನು ಎರಡು ದಿನ ಮುಂಚೆ ಬಿಡಲು ಅವಕಾಶ ಮಾಡಿಕೊಟ್ಟರು. ಜಾರುಬಂಡೆಯ ತುದಿಯಲ್ಲಿ ಎರಡು ದಿನಕ್ಕೂ ಬೆಲೆ ಇದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಗೆರೆ ಇಳಿಯುವುದನ್ನು ನೋಡಿದ ಕೂಡಲೇ, ಕಾಲ ಕಳೆದಂತೆ ಮನುಷ್ಯ ಬದಲಾಗುತ್ತಾನೆ ಅಂತ ತೀರ್ಮಾನಿಸುವ ಆಸೆ ಆಗುತ್ತದೆ. ಆದರೆ ಯಾರೊಬ್ಬರೂ ಒಂದಿಷ್ಟೂ ಬದಲಾಗದಿದ್ದರೂ ಇದೇ ಗೆರೆ ಬರಬಹುದು. ಹೇಗೆ?

ನೂರು ಮಂದಿ ಹೊರಬಂದರು ಅಂತಿಟ್ಟುಕೊಳ್ಳಿ. ಅರ್ಧ ಜನ ದುಡುಕಿನವರು. ಅವರಲ್ಲಿ ಪ್ರತಿ ತಿಂಗಳೂ ನೂರಕ್ಕೆ 20 ಮಂದಿ ಮತ್ತೆ ಸಿಕ್ಕಿಬೀಳುತ್ತಾರೆ. ಇನ್ನರ್ಧ ಸಮಾಧಾನದವರು, ತಿಂಗಳಿಗೆ ನೂರಕ್ಕೆ ಒಬ್ಬರು ಮಾತ್ರ. ಯಾರ ಸ್ವಭಾವವೂ ಎಂದಿಗೂ ಬದಲಾಗುವುದಿಲ್ಲ. ಮೊದಲ ತಿಂಗಳು ಒಟ್ಟು ಗುಂಪಿನ ಅಪಾಯ ಶೇ. 10.5. ಆರು ತಿಂಗಳಾಗುವಾಗ ದುಡುಕಿನ 50 ಮಂದಿಯಲ್ಲಿ ಹೊರಗೆ ಉಳಿದವರು ಸುಮಾರು 13. ಸಮಾಧಾನದವರು 47 ಮಂದಿ ಹಾಗೇ ಇದ್ದಾರೆ. ಈಗ ಉಳಿದ ಗುಂಪಿನ ಅಪಾಯ ಶೇ. 5 ಆಸುಪಾಸು. ವರ್ಷ ತುಂಬಿದಾಗ ದುಡುಕಿನವರು ಮೂರೋ ನಾಲ್ಕೋ ಮಂದಿ, ಅಪಾಯ ಶೇ. 2.4. ಜಾರುಬಂಡೆ ತಯಾರಾಯಿತು! ಕಾಲ ಇಲ್ಲಿ ಯಾರನ್ನೂ ತಿದ್ದಲಿಲ್ಲ, ಸುಮ್ನೆ ಜರಡಿ ಹಿಡಿಯಿತು.

ಮನೆಗಳ್ಳತನಕ್ಕೂ ಇದೇ ಒಗಟು. ಮೊದಲ ಕಳವೇ ಎರಡನೆಯದನ್ನು ಕರೆದು ತಂದಿತೋ, ಇಲ್ಲಾ ಆ ಮನೆ ಮೊದಲಿನಿಂದಲೂ ಎಲ್ಲ ಕಳ್ಳರ ಕಣ್ಣಿಗೆ ಬೀಳುವಂಥದ್ದೋ? ಮೂಲೆಯ ಮನೆ, ಹಿಂದೆ ಗಿಡಗಂಟಿ, ಹಗಲಿಡೀ ಖಾಲಿ, ಹೀಗಿದ್ದರೆ ಯಾರು ಬೇಕಾದರೂ ಬರುತ್ತಾರೆ. ಇದನ್ನು ಬಿಡಿಸಲು ಪತ್ತೆಯಾದ ಕೇಸುಗಳನ್ನು ನೋಡಬೇಕು. ವಿಮ್ ಬರ್ನಾಸ್ಕೊ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಹಾಗೆ ನೋಡಿದರು. ಹತ್ತಿರದ ಜಾಗ, ಹತ್ತಿರದ ದಿನ ಆಗಿದ್ದರೆ ಎರಡರಲ್ಲೂ ಅದೇ ಕೈಗಳೇ ಇರುವುದು ಹೆಚ್ಚು. ದೂರವಾದಷ್ಟೂ, ದಿನ ಕಳೆದಷ್ಟೂ ಬೇರೆಯವರು. ಅಂದರೆ ಎರಡೂ ಸ್ವಲ್ಪ ಸ್ವಲ್ಪ ನಿಜ. ಮೊದಲ ವಾರಗಳ ಕಡಿದಾದ ಭಾಗ ಬಹುಪಾಲು ಅದೇ ಕಳ್ಳನದು, ಆಮೇಲಿನ ಸಪಾಟು ಭಾಗ ಆ ಮನೆಯ ಹಣೆಬರಹ.

ಮನುಷ್ಯರ ವಿಷಯದಲ್ಲಿ ಒಗಟು ಬಿಡಿಸಲು ಗುಂಪಿನ ಸರಾಸರಿ ಸಾಲದು, ಒಬ್ಬನನ್ನೇ ತಿಂಗಳು ತಿಂಗಳು ನೋಡಬೇಕು. ಜೂಲಿ ಹಾರ್ನಿ ಮತ್ತು ಜೊತೆಗಾರರು ಅಮೆರಿಕದ ನೆಬ್ರಾಸ್ಕದಲ್ಲಿ ಜೈಲಿಗೆ ಆಗಷ್ಟೇ ಬಂದ 600ಕ್ಕೂ ಹೆಚ್ಚು ಗಂಡಸರ ಮುಂದೆ ಖಾಲಿ ಕ್ಯಾಲೆಂಡರ್ ಇಟ್ಟರು. ಯಾವ ತಿಂಗಳು ಎಲ್ಲಿದ್ದೆ, ಯಾರ ಜೊತೆ ಇದ್ದೆ, ಕೆಲಸ ಇತ್ತಾ, ಏನೇನು ಮಾಡಿದೆ ಅಂತ ತುಂಬಿಸಿದರು. 1995ರಲ್ಲಿ ಬಂದ ಫಲಿತಾಂಶದಲ್ಲಿ ಒಬ್ಬನೇ ಮನುಷ್ಯ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆಯಾಗಿದ್ದ. ಹೆಂಡತಿಯ ಜೊತೆ ಇದ್ದ ತಿಂಗಳುಗಳಲ್ಲಿ ಅಪರಾಧ ಕಡಿಮೆ. ಡ್ರಗ್ಸ್ ಹಿಡಿದ ತಿಂಗಳುಗಳಲ್ಲಿ ಜಾಸ್ತಿ. (ಮದುವೆಯಾಗದೆ ಗೆಳತಿಯ ಜೊತೆ ಇದ್ದ ತಿಂಗಳುಗಳಲ್ಲಿ ಮಾತ್ರ ಆ ಇಳಿತ ಕಾಣಲಿಲ್ಲ. ಅದಕ್ಕೆ ಕಾರಣ ನೀವೇ ಊಹಿಸಿ.) ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಗಾದೆಗೆ ಈ ಕ್ಯಾಲೆಂಡರ್ ಅಷ್ಟಾಗಿ ಒಪ್ಪುವುದಿಲ್ಲ.

ಇಡೀ ಆಯಸ್ಸಿನ ಗೆರೆಯನ್ನು ಮೊದಲು ಎಳೆದವರು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ. 1831ರಷ್ಟು ಹಿಂದೆಯೇ ಫ್ರಾನ್ಸಿನ ನ್ಯಾಯಾಲಯಗಳ ಅಂಕಿ ಹಿಡಿದು, ಅಪರಾಧದ ಒಲವು ಇಪ್ಪತ್ತೈದರ ಸುಮಾರಿಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ ಅಂದರು. ಫಿಲಡೆಲ್ಫಿಯಾದಲ್ಲಿ ಬೆಳೆದ, 1945ರಲ್ಲಿ ಹುಟ್ಟಿದ 9,945 ಹುಡುಗರ ಅಧ್ಯಯನ 1972ರಲ್ಲಿ ಬಂತು. ಅದರಲ್ಲಿ 627 ಮಂದಿ, ಅಂದರೆ ಶೇ. 6ರಷ್ಟು ಹುಡುಗರೇ ಅರ್ಧಕ್ಕಿಂತ ಹೆಚ್ಚು ಅಪರಾಧ ಮಾಡಿದ್ದರು. ಈ ಶೇ. 6ನ್ನು ಮುಂಚೆಯೇ ಗುರುತಿಸಿ ಒಳಗಿಟ್ಟರೆ ಆಯ್ತಲ್ಲ ಅಂತ ಆಗ ಎಷ್ಟೋ ಮಂದಿಗೆ ಅನ್ನಿಸಿತು. ಮುಂಚೆ ಗುರುತಿಸುವುದು ಹೇಗೆ ಅನ್ನುವಲ್ಲೇ ಕಥೆ ಕೆಟ್ಟಿತು. ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್, ಬಾಸ್ಟನ್‌ನ 500 ಕಿಡಿಗೇಡಿ ಹುಡುಗರ ಹಳೆಯ ದಾಖಲೆಗಳನ್ನು ಹಾರ್ವರ್ಡ್‌ನ ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿ ಕಂಡು, ಅವರನ್ನು 70ರ ವಯಸ್ಸಿನ ತನಕ ಹಿಂಬಾಲಿಸಿದರು. ಬಾಲ್ಯದಲ್ಲಿ ಅತಿ ಕೆಟ್ಟವರು ಅನ್ನಿಸಿಕೊಂಡವರ ಗೆರೆಯೂ ವಯಸ್ಸಿನ ಜೊತೆ ಇಳಿದಿತ್ತು. ಯಾರು ಬೇಗ ಇಳಿಯುತ್ತಾರೆ, ಯಾರು ತಡವಾಗಿ ಅನ್ನುವುದನ್ನು ಬಾಲ್ಯದ ದಾಖಲೆ ನೋಡಿ ಹೇಳಲು ಆಗಲಿಲ್ಲ.

ಇಷ್ಟು ಓದಿದವರಿಗೆ ಸರಣಿ ಕೊಲೆಗಾರರ ನೆನಪು ಬಂದೇ ಇರುತ್ತದೆ. ಸಿನಿಮಾಗಳಲ್ಲಿ ಅವರು ಹುಣ್ಣಿಮೆಗೊಮ್ಮೆ, ಅಥವಾ ಲೆಕ್ಕ ಹಾಕಿದಂತೆ ಇಂತಿಷ್ಟು ದಿನಕ್ಕೊಮ್ಮೆ ಬರುತ್ತಾರೆ. ನಿಜದಲ್ಲಿ ಅಂಥ ಶಿಸ್ತು ಕಾಣುವುದಿಲ್ಲ. ಸೋವಿಯತ್ ಒಕ್ಕೂಟದಲ್ಲಿ 1978ರಿಂದ 1990ರವರೆಗೆ ಕೊಲೆಗಳನ್ನು ಮಾಡಿದ ಆಂಡ್ರೇ ಚಿಕಟಿಲೊನ ದಿನಾಂಕಗಳನ್ನು ಅಮೆರಿಕದ ಇಬ್ಬರು ಸಂಶೋಧಕರು 2012ರಲ್ಲಿ ಗ್ರಾಫ್ ಮಾಡಿದರು. ಬಂದದ್ದು ಒಂದು ವಿಚಿತ್ರ ಮೆಟ್ಟಿಲು. ಕೆಲವು ಕೊಲೆಗಳು ಒತ್ತೊತ್ತಾಗಿ, ನಡುವೆ ಉದ್ದುದ್ದ ಖಾಲಿ. ಕೊಲೆ ಮಾಡಿದ ತಕ್ಷಣದ ದಿನಗಳಲ್ಲೇ ಮತ್ತೊಂದು ಕೊಲೆಯ ಸಾಧ್ಯತೆ ಜಾಸ್ತಿ, ದಿನ ಕಳೆದಷ್ಟೂ ಕಡಿಮೆ. ಇವನಲ್ಲೂ ಅದೇ ಜಾರುಬಂಡೆ. ಆದರೆ ಒಬ್ಬನ ಲೆಕ್ಕದಿಂದ ಎಲ್ಲರ ಬಗ್ಗೆ ಹೇಳಲಾಗದು. ಅಮೆರಿಕದ ವಿಚಿಟಾ ನಗರದ ಡೆನ್ನಿಸ್ ರೇಡರ್ 1974ರಿಂದ 1991ರೊಳಗೆ ಹತ್ತು ಜನರನ್ನು ಕೊಂದ. ನಡುವೆ ವರ್ಷಗಟ್ಟಲೆ ಸುಮ್ಮನಿದ್ದ. ಕೊನೆಯ ಕೊಲೆಯ ನಂತರವೂ ಸುಮ್ಮನಿದ್ದ. 2005ರಲ್ಲಿ ಸಿಕ್ಕಿಬಿದ್ದದ್ದು ಮತ್ತೊಂದು ಕೊಲೆಯಿಂದಲ್ಲ, ಪೊಲೀಸರಿಗೂ ಮಾಧ್ಯಮಗಳಿಗೂ ತಾನೇ ಮತ್ತೆ ಪತ್ರ ಬರೆಯತೊಡಗಿದ್ದರಿಂದ.

ಅಂಥವರು ಬೆರಳೆಣಿಕೆಯಷ್ಟು. ಮಾಮೂಲಿ ಕೇಸುಗಳಿಗೆ ಮರಳಿದರೆ, ಹೆಚ್ಚು ಜನರ ಬದುಕಿಗೆ ತಟ್ಟುವ ಪ್ರಶ್ನೆ ಒಂದಿದೆ. ಹಳೆಯ ಕೇಸು ಹಳೆಯದಾಗುವುದು ಎಷ್ಟು ವರ್ಷಕ್ಕೆ? ಆಲ್ಫ್ರೆಡ್ ಬ್ಲೂಮ್‌ಸ್ಟೀನ್ ಮತ್ತು ಕಿಮಿನೋರಿ ನಾಕಮುರ ಇದಕ್ಕೆ 2009ರಲ್ಲಿ ನೇರ ಉತ್ತರ ಕೊಡಲು ಹೋದರು. ನ್ಯೂಯಾರ್ಕ್ ರಾಜ್ಯದಲ್ಲಿ 1980ರಲ್ಲಿ ಮೊದಲ ಸಲ ಬಂಧನಕ್ಕೊಳಗಾದವರನ್ನು ತೆಗೆದುಕೊಂಡರು. ಆಮೇಲೆ ಯಾವ ತಂಟೆಗೂ ಹೋಗದೆ ಉಳಿದವರ ಅಪಾಯದ ಗೆರೆ, ಅದೇ ವಯಸ್ಸಿನ ಸಾಮಾನ್ಯ ಜನರ ಗೆರೆಯನ್ನು ಎಲ್ಲಿ ಮುಟ್ಟುತ್ತದೆ ಅಂತ ನೋಡಿದರು. 18ನೇ ವಯಸ್ಸಿನಲ್ಲಿ ಮನೆಗಳ್ಳತನಕ್ಕೆ ಸಿಕ್ಕಿದ್ದವನಿಗೆ ಅದು 3.8 ವರ್ಷ. ಗಂಭೀರ ಹಲ್ಲೆಗಾದರೆ 4.3. ದರೋಡೆಗಾದರೆ 7.7. ಜರಡಿಯೋ ಬದಲಾವಣೆಯೋ ಅನ್ನುವ ಒಗಟು ಇಲ್ಲಿ ಅಡ್ಡ ಬರುವುದಿಲ್ಲ. ಅಷ್ಟು ವರ್ಷ ದಾಟಿ ನಿಂತವನು ಯಾವ ದಾರಿಯಿಂದ ಬಂದಿದ್ದರೂ, ಅವನ ಮುಂದಿನ ಅಪಾಯ ಪಕ್ಕದವನಷ್ಟೇ.

ಕೆಲಸದ ಅರ್ಜಿಗಳು ಮಾತ್ರ ಸಾಮಾನ್ಯವಾಗಿ ಕೇಳುವುದು 'ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ?' ಅಂತ. ಹೌದು, ಇಲ್ಲ, ಎರಡೇ ಖಾನೆ. ಆ ಲೆಕ್ಕದ ಪ್ರಕಾರ ಮೂರನೇ ಖಾನೆಯೊಂದು ಬೇಕು, ಯಾವ ವರ್ಷ ಅಂತ. ನಾಲ್ಕನೆಯದೂ ಬೇಕಾಗುತ್ತದೆ, ಆಗ ವಯಸ್ಸೆಷ್ಟು ಅಂತ. ಯಾಕೆಂದರೆ ಅದೇ ದರೋಡೆ ಕೇಸಿಗೆ 16ರ ಹುಡುಗ ಕಾಯಬೇಕಾದದ್ದು 8.5 ವರ್ಷ, 20ರವನು 4.4 ವರ್ಷ.